ಬಂದೂಕು ಕೆಳಗಿಟ್ಟ ಮೇಲೆ ಬರೆಯಬೇಕಾದ ಎರಡು ಪುಟಗಳು

(ಹಳಿಯಾಳದಲ್ಲಿ ಮಾಜಿ ಸೈನಿಕರು ಮತ್ತು ಅವರ ಕುಟುಂಬದವರಿಗಾಗಿ ಏರ್ಪಡಿಸಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸೈನಿಕರ ಬಗ್ಗೆ ಮಾತನಾಡುವುದೆಂದರೆ ಗಡಿ, ಯುದ್ಧ ಮತ್ತು ಬಲಿದಾನದ ಬಗ್ಗೆ ಮಾತನಾಡುವುದು ಎಂದೇ ನಮ್ಮಲ್ಲಿ ರೂಢಿಯಾಗಿದೆ. ಆಗಸ್ಟ್ 15ರಂದು ಮಾಜಿ ಸೈನಿಕರನ್ನು ಶಾಲೆಗೆ ಕರೆದು ಶಾಲು ಹೊದಿಸುತ್ತೇವೆ. ಆಗಸ್ಟ್ 16ರಂದು ಅದೇ ವ್ಯಕ್ತಿ ಒಂದು ಕಾಗದ ಹಿಡಿದುಕೊಂಡು ಕೆಲಸ ಕೇಳಲು ಹೋದರೆ ಏನಾಗುತ್ತದೆ ಎಂದು ಯಾರೂ ವಿಚಾರಿಸುವುದಿಲ್ಲ. ಇಂದು ನಾವು ಮಾತನಾಡಬಯಸುವುದು ಆ ಕಾಗದದ ಬಗ್ಗೆ. ಅದನ್ನು ನಮ್ಮ ಊರುಗಳಲ್ಲಿ ಬಯೋಡಾಟಾ ಎನ್ನುತ್ತೇವೆ, ಕಂಪೆನಿಗಳು ರೆಸ್ಯೂಮ್ ಎನ್ನುತ್ತವೆ. ಹೆಸರು ಏನೇ ಇರಲಿ, ಹದಿನೈದು ಇಪ್ಪತ್ತು ವರ್ಷಗಳ ಬದುಕನ್ನು ಒಬ್ಬ ಅಪರಿಚಿತರ ಮೇಜಿಗೆ ತಲುಪಿಸುವ ಸಾಧನ ಅದೊಂದೇ.

ವಿಷಯ ಸಣ್ಣದೆಂದು ಕೆಲವರಿಗೆ ಅನಿಸಬಹುದು. ಆದರೆ ಒಂದು ಲೆಕ್ಕ ನೋಡಿ. ನಮ್ಮ ರಾಜ್ಯ ಸರ್ಕಾರದ ನೌಕರರು 60ನೆಯ ವಯಸ್ಸಿನಲ್ಲಿ ನಿವೃತ್ತರಾಗುತ್ತಾರೆ. ಸಿಪಾಯಿಯಾಗಿ ಸೇನೆ ಸೇರಿದವರಲ್ಲಿ ಹೆಚ್ಚಿನವರು ನಲವತ್ತರ ಆಸುಪಾಸಿನಲ್ಲೇ ಮನೆಗೆ ಮರಳುತ್ತಾರೆ. 15 ವರ್ಷಗಳ ಸೇವೆ ಪೂರೈಸಿದವರಿಗೆ ಪಿಂಚಣಿ ಇದೆ, ನಿಜ. ಆದರೆ ಆ ಹೊತ್ತಿಗೆ ಮಗಳು ಹೈಸ್ಕೂಲಿನಲ್ಲಿರುತ್ತಾಳೆ, ಮಗನ ಕಾಲೇಜು ಇನ್ನೂ ಆರಂಭವಾಗಿರುವುದಿಲ್ಲ, ಮನೆಯ ಸಾಲ ತೀರಿರುವುದಿಲ್ಲ. ಇನ್ನೂ ಇಪ್ಪತ್ತು ವರ್ಷ ದುಡಿಯುವ ಶಕ್ತಿಯೂ ಅಗತ್ಯವೂ ಇರುವಾಗ, ಆ ಇಪ್ಪತ್ತು ವರ್ಷಗಳನ್ನು ಎರಡು ಪುಟಗಳ ಕಾಗದವೊಂದು ಬಹುಮಟ್ಟಿಗೆ ನಿರ್ಧರಿಸುತ್ತದೆ.

2022ರಲ್ಲಿ ಜಾರಿಗೆ ಬಂದ ಅಗ್ನಿಪಥ ಯೋಜನೆಯ ಬಳಿಕ ಈ ಪ್ರಶ್ನೆ ಇನ್ನಷ್ಟು ಗಂಭೀರವಾಗಿದೆ. ಅಗ್ನಿವೀರರ ಸೇವೆ ನಾಲ್ಕೇ ವರ್ಷ. ಅವರಲ್ಲಿ ಗರಿಷ್ಠ ಶೇ. 25 ಮಂದಿಯನ್ನು ಸೇನೆ ಉಳಿಸಿಕೊಳ್ಳುತ್ತದೆ ಎಂಬುದು ಯೋಜನೆಯ ಮೂಲ ನಿಯಮ. ಉಳಿದವರು ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿ ಪಡೆದು ಊರಿಗೆ ಮರಳುತ್ತಾರೆ. ಅವರಿಗೆ ಪಿಂಚಣಿ ಇಲ್ಲ. ಮೊದಲ ತಂಡದ ನಾಲ್ಕು ವರ್ಷಗಳು ಮುಗಿಯುವುದು 2026ರ ಕೊನೆ ಮತ್ತು 2027ರ ಆರಂಭದಲ್ಲಿ. ಇಪ್ಪತ್ತೆರಡು ಇಪ್ಪತ್ಮೂರರ ಆ ಯುವಕರು ಯಾರ ಮುಂದೆ ಯಾವ ಕಾಗದ ಇಡಬೇಕು? ಇದು ಸೈನಿಕರ ಮನೆಯ ಪ್ರಶ್ನೆ ಮಾತ್ರವಲ್ಲ, ಊರಿನ ಪ್ರಶ್ನೆಯೂ ಹೌದು.

ಹಳಿಯಾಳದಿಂದ ಬೆಳಗಾವಿ ದೂರವಲ್ಲ. ಅಲ್ಲಿ ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರವಿದೆ. ಈ ಭಾಗದ ಹುಡುಗರಿಗೆ ಸೇನೆಯ ಬಾಗಿಲು ಪರಿಚಿತ. ಆದರೆ ಒಳಗೆ ಹೋಗುವ ದಾರಿ ತಿಳಿದ ನಮಗೆ ಹೊರಗೆ ಬಂದ ಮೇಲಿನ ದಾರಿ ತಿಳಿದಿಲ್ಲ. ಆದುದರಿಂದಲೇ ಹದಿನೇಳು ವರ್ಷ ನಾನಾ ಹೊಣೆಗಳನ್ನು ಹೊತ್ತವರು ಕೊನೆಗೆ ಯಾವುದೋ ಗೇಟಿನ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಕಾವಲು ಕೆಲಸ ಕೀಳು ಎಂದು ನಾವು ಹೇಳುತ್ತಿಲ್ಲ. ದುಡಿದು ತಿನ್ನುವ ಯಾವ ಕೆಲಸವೂ ಕೀಳಲ್ಲ. 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆ ಮಾಜಿ ಸೈನಿಕರಿಗೆ ಆ ಕೆಲಸದಲ್ಲಿ ಆದ್ಯತೆಯನ್ನೂ ನೀಡಿದೆ. ಆದರೆ ಅಂಗಡಿಯಷ್ಟು ದೊಡ್ಡ ಉಗ್ರಾಣದ ಲೆಕ್ಕ ನೋಡಿದವರು, ಯಂತ್ರ ರಿಪೇರಿ ಮಾಡಿದವರು, ನೂರು ಮಂದಿಗೆ ಅಡುಗೆ ಮಾಡಿಸಿದವರು ಎಲ್ಲರೂ ಅದೊಂದೇ ಕೆಲಸಕ್ಕೆ ಯೋಗ್ಯರೆಂದು ತೀರ್ಮಾನವಾಗುವುದು ಯಾಕೆ? ಹೆಚ್ಚಿನ ಸಂದರ್ಭಗಳಲ್ಲಿ ಅವರ ಬಯೋಡಾಟಾವೇ ಹಾಗೆ ಹೇಳುತ್ತಿರುತ್ತದೆ.

ಓದುವವರಿಗೆ ಸೇನೆ ಗೊತ್ತಿಲ್ಲ

ಮೊದಲ ಮತ್ತು ಅತಿ ದೊಡ್ಡ ತಪ್ಪು ಇದು: ಸೇನೆಯ ಭಾಷೆಯನ್ನು ಹಾಗೆಯೇ ಬರೆಯುವುದು. ‘ಹವಾಲ್ದಾರ್’ ಎಂದು ಬರೆದರೆ ನಮ್ಮ ಊರಿನವರಿಗೆ ನೆನಪಾಗುವುದು ಪೊಲೀಸ್ ಠಾಣೆ. ‘ನಾಯಕ್’ ಎಂದರೆ ಉತ್ತರ ಕನ್ನಡದಲ್ಲಿ ಅದೊಂದು ಮನೆತನದ ಹೆಸರು. ಅದನ್ನೇ ಚಿಕ್ಕದಾಗಿಸಿ ‘ಎನ್.ಕೆ.’ ಎಂದು ಬರೆದರೆ ಹಳೆಯ ತಲೆಮಾರಿನವರು ನಾರ್ತ್ ಕೆನರಾ ಎಂದು ಓದಿಯಾರು. ‘ಕಂಪೆನಿ ಹವಾಲ್ದಾರ್ ಮೇಜರ್’ ಎಂಬುದನ್ನು ಕಂಡ ಕಾರ್ಖಾನೆಯ ಅಧಿಕಾರಿ, ಇವರು ಯಾವ ಕಂಪೆನಿಯಲ್ಲಿದ್ದರು ಎಂದು ಕೇಳಿದರೆ ಅದು ಅವರ ತಪ್ಪಲ್ಲ. ಸೇನೆಯಲ್ಲಿ ಕಂಪೆನಿ ಎಂದರೆ ನೂರಕ್ಕೂ ಹೆಚ್ಚು ಸೈನಿಕರ ತುಕಡಿ. ಪೇಟೆಯಲ್ಲಿ ಕಂಪೆನಿ ಎಂದರೆ ಸಂಬಳ ಕೊಡುವ ಸಂಸ್ಥೆ. ಸೇನೆಯ ಸೆಕ್ಷನ್ ಎಂದರೆ ಸುಮಾರು ಹತ್ತು ಮಂದಿ. ಕಚೇರಿಯ ಸೆಕ್ಷನ್ ಎಂದರೆ ಒಂದು ವಿಭಾಗ.

ವೀರ ಅಬ್ದುಲ್ ಹಮೀದರ ಹೆಸರು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. 1965ರ ಯುದ್ಧದಲ್ಲಿ ಖೇಮ್‌ಕರಣ್ ಪ್ರದೇಶದಲ್ಲಿ ಶತ್ರು ಟ್ಯಾಂಕುಗಳನ್ನು ಹೊಡೆದುರುಳಿಸಿ ಪ್ರಾಣ ತೆತ್ತು, ಮರಣೋತ್ತರವಾಗಿ ಪರಮವೀರ ಚಕ್ರ ಪಡೆದವರು ಅವರು. ಅವರ ಹುದ್ದೆ ‘ಕಂಪೆನಿ ಕ್ವಾರ್ಟರ್ ಮಾಸ್ಟರ್ ಹವಾಲ್ದಾರ್’. ಆ ಹುದ್ದೆಯವರ ನಿತ್ಯದ ಕೆಲಸವೇನು ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಹೇಳಬಲ್ಲೆವು? ತುಕಡಿಯ ಪಡಿತರ, ಬಟ್ಟೆ, ಹಾಸಿಗೆ, ಸಲಕರಣೆಗಳನ್ನು ತರಿಸುವುದು, ಹಂಚುವುದು ಮತ್ತು ಪ್ರತಿಯೊಂದಕ್ಕೂ ಲೆಕ್ಕ ಇಡುವುದು. ಅಷ್ಟು ಪ್ರಸಿದ್ಧರ ಹುದ್ದೆಯ ಅರ್ಥವೇ ನಮಗೆ ತಿಳಿಯದಿರುವಾಗ, ನಿಮ್ಮ ಹುದ್ದೆಯ ಅರ್ಥ ಕಾರ್ಖಾನೆಯ ನೇಮಕಾತಿ ವಿಭಾಗಕ್ಕೆ ತಾನಾಗಿ ತಿಳಿಯಬೇಕೆಂದು ನಿರೀಕ್ಷಿಸುವುದು ಹೇಗೆ?

ಅದೇ ಹುದ್ದೆಯಲ್ಲಿದ್ದವರೊಬ್ಬರು ಬಯೋಡಾಟಾದಲ್ಲಿ ‘ಸಿ.ಕ್ಯೂ.ಎಂ.ಎಚ್. ಆಗಿ ಮೂರು ವರ್ಷ ಸೇವೆ’ ಎಂದು ಬರೆದರು ಎಂದಿಟ್ಟುಕೊಳ್ಳಿ. ಓದುವವರಿಗೆ ಏನೂ ದಕ್ಕುವುದಿಲ್ಲ. ಅದನ್ನು ಹೀಗೆ ಬರೆಯಬಹುದು: ‘ಸುಮಾರು 120 ಜನರ ಆಹಾರ ಸಾಮಗ್ರಿ, ಬಟ್ಟೆ ಮತ್ತು ಸಲಕರಣೆಗಳ ಉಗ್ರಾಣದ ಜವಾಬ್ದಾರಿ, ಮೂರು ವರ್ಷ ದಾಸ್ತಾನು ಪುಸ್ತಕ ನಿರ್ವಹಣೆ, ಪ್ರತಿ ವರ್ಷದ ತಪಾಸಣೆಯಲ್ಲಿ ಲೆಕ್ಕ ಸರಿಹೊಂದಿಸಿ ಒಪ್ಪಿಸಿದ್ದು, ಕೈಕೆಳಗೆ ನಾಲ್ವರು.’ ಈಗ ದಾಂಡೇಲಿಯ ಕಾಗದ ಕಾರ್ಖಾನೆಯ ಸ್ಟೋರ್ ಇರಲಿ, ಹಳಿಯಾಳದ ಸಕ್ಕರೆ ಕಾರ್ಖಾನೆಯ ಗೋದಾಮು ಇರಲಿ, ಓದುವವರಿಗೆ ವಿಷಯ ತಟ್ಟನೆ ತಿಳಿಯುತ್ತದೆ. ಹುದ್ದೆಯ ಹೆಸರನ್ನು ಬಿಡಬೇಕಾಗಿಲ್ಲ. ಅದನ್ನು ಪೂರ್ತಿಯಾಗಿ ಬರೆದು, ಅದರ ಕೆಳಗೆ ಮಾಡಿದ ಕೆಲಸವನ್ನು ಬರೆಯಿರಿ. ಸಂಖ್ಯೆಗಳು ಮಾತ್ರ ನಿಮ್ಮವೇ ಆಗಿರಲಿ, ಇನ್ನೊಬ್ಬರ ಬಯೋಡಾಟಾದಿಂದ ಎತ್ತಿದವು ಬೇಡ.

ಯಾವ ಕೆಲಸಕ್ಕೂ ಸಿದ್ಧ

ಎರಡನೆಯ ತಪ್ಪು, ಮೊದಲ ಸಾಲಿನಲ್ಲೇ ‘ಯಾವುದೇ ಕೆಲಸ ಮಾಡಲು ಸಿದ್ಧನಿದ್ದೇನೆ’ ಎಂದು ಬರೆಯುವುದು. ಸೇನೆಯಲ್ಲಿ ಇದು ಸದ್ಗುಣ. ಆಜ್ಞೆ ಬಂದ ಕೂಡಲೇ ಹೊರಡುವವನು ಒಳ್ಳೆಯ ಸಿಪಾಯಿ. ಆದರೆ ಹೊರಗೆ ಆ ಸಾಲಿಗೆ ಬೇರೆಯೇ ಅರ್ಥ ಬರುತ್ತದೆ: ಇವರಿಗೆ ನಿರ್ದಿಷ್ಟವಾಗಿ ಯಾವ ಕೆಲಸವೂ ಬಾರದು. ಪರಿಣಾಮವಾಗಿ ಅತಿ ಕಡಿಮೆ ಸಂಬಳದ ಕೆಲಸವನ್ನೇ ಅವರ ಮುಂದಿಡಲಾಗುತ್ತದೆ.

ಅರ್ಜಿ ಹಾಕುವ ಕೆಲಸ ಯಾವುದೋ, ಅದಕ್ಕೆ ತಕ್ಕಂತೆ ಬಯೋಡಾಟಾ ಬದಲಾಗಬೇಕು. ದಾಂಡೇಲಿ, ಜೋಯಿಡಾ ಭಾಗದಲ್ಲಿ ಕಾಳಿ ನದಿಯ ರಾಫ್ಟಿಂಗ್ ಮತ್ತು ಕಾಡಿನ ಪ್ರವಾಸವನ್ನು ಆಧರಿಸಿದ ರೆಸಾರ್ಟ್‌ಗಳು ಬೆಳೆದಿವೆ. ಅಲ್ಲಿಗೆ ಅರ್ಜಿ ಹಾಕುವವರು ಈಜು, ಪ್ರಥಮ ಚಿಕಿತ್ಸೆ, ರಕ್ಷಣಾ ಕಾರ್ಯ, ಗುಂಪನ್ನು ಕಾಡಿನಲ್ಲಿ ನಡೆಸಿದ ಅನುಭವಗಳನ್ನು ಮೊದಲು ಬರೆಯಲಿ. ಅದೇ ವ್ಯಕ್ತಿ ಕಾರ್ಖಾನೆಯ ವಾಹನ ವಿಭಾಗಕ್ಕೆ ಅರ್ಜಿ ಹಾಕುವುದಾದರೆ ಓಡಿಸಿದ ವಾಹನಗಳ ತೂಕ, ವರ್ಷಗಳು ಮತ್ತು ಆರ್.ಟಿ.ಒ. ನೀಡಿದ ಲೈಸನ್ಸಿನ ವಿವರ ಮೇಲೆ ಬರಲಿ. ಶಾಲೆಗೆ ಹೋಗುವುದಾದರೆ ತರಬೇತಿ ನೀಡಿದ ಅನುಭವ ಮೇಲಿರಲಿ. ಮನುಷ್ಯ ಒಬ್ಬನೇ, ಸತ್ಯವೂ ಒಂದೇ. ಯಾವ ಸತ್ಯವನ್ನು ಮೊದಲು ಹೇಳಬೇಕೆಂಬುದಷ್ಟೇ ಇಲ್ಲಿಯ ಪ್ರಶ್ನೆ.

ನಮ್ಮ ಪೇಟೆಗಳ ಝೆರಾಕ್ಸ್ ಮತ್ತು ಡಿ.ಟಿ.ಪಿ. ಅಂಗಡಿಗಳಲ್ಲಿ ಒಂದು ಸಿದ್ಧ ನಮೂನೆ ಇರುತ್ತದೆ. ನಿನ್ನೆ ಪದವಿ ಮುಗಿಸಿದ ಹುಡುಗನಿಗೂ ಅದೇ, ಹದಿನೇಳು ವರ್ಷ ಸೇವೆ ಸಲ್ಲಿಸಿದ ಸುಬೇದಾರರಿಗೂ ಅದೇ. ತಂದೆಯ ಹೆಸರು, ಎತ್ತರ, ತೂಕ, ಧರ್ಮ, ಹವ್ಯಾಸ ಎಂದು ಅರ್ಧ ಪುಟ ತುಂಬಿರುತ್ತದೆ. ಅನುಭವದ ಜಾಗದಲ್ಲಿ ‘ಭಾರತೀಯ ಸೇನೆ, 17 ವರ್ಷ’ ಎಂಬ ಒಂದೇ ಸಾಲು. ಸರ್ಕಾರಿ ಅರ್ಜಿಯಲ್ಲಿ ಕೇಳಿದ ಕಾಲಂಗಳನ್ನೆಲ್ಲ ತುಂಬಲೇಬೇಕು. ಖಾಸಗಿ ಕೆಲಸದ ಬಯೋಡಾಟಾಕ್ಕೆ ಧರ್ಮ, ಜಾತಿ, ತೂಕಗಳ ಅಗತ್ಯವಿಲ್ಲ. ಆ ಅರ್ಧ ಪುಟವನ್ನು ನಿಮ್ಮ ಕೆಲಸಕ್ಕೆ ಬಿಟ್ಟುಕೊಡಿ.

ಸಂಕೋಚವೂ ಉತ್ಪ್ರೇಕ್ಷೆಯೂ

ಸೈನಿಕರಲ್ಲಿ ಅನೇಕರಿಗೆ ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವುದು ಸಭ್ಯತೆಯಲ್ಲ ಎಂಬ ಭಾವನೆ ಇದೆ. ಮಾಡಿದ್ದೆಲ್ಲ ತುಕಡಿ ಮಾಡಿದ್ದು, ನಾನೇನು ಮಾಡಿದೆ ಎಂದು ಕೇಳುತ್ತಾರೆ. ಈ ವಿನಯ ದೊಡ್ಡದು. ಆದರೆ ಪ್ರವಾದಿ ಯೂಸುಫರ(ಅ) ಚರಿತ್ರೆಯನ್ನು ನೆನಪಿಸಿಕೊಳ್ಳಿ. ಸೆರೆಮನೆಯಿಂದ ಹೊರಬಂದು ಅರಸನ ಮುಂದೆ ನಿಂತಾಗ ಅವರು ಭಂಡಾರದ ಹೊಣೆಯನ್ನು ತಾವಾಗಿಯೇ ಕೇಳಿದರು. ಕಾಪಾಡುವ ಸಾಮರ್ಥ್ಯ ಮತ್ತು ಅರಿವು ಎರಡೂ ತಮ್ಮಲ್ಲಿವೆಯೆಂದು ತಿಳಿಸಿದರು. ಅಲ್ಲಿ ಬಡಾಯಿ ಇರಲಿಲ್ಲ, ಸಂಕೋಚವೂ ಇರಲಿಲ್ಲ. ಆ ಹೊಣೆಗೆ ಬೇಕಾದ ಎರಡು ಅರ್ಹತೆಗಳಷ್ಟೇ ಇದ್ದವು.

‘ಶಿಸ್ತಿನ ಮನುಷ್ಯ, ಪ್ರಾಮಾಣಿಕ, ಕಷ್ಟಪಟ್ಟು ದುಡಿಯುವವನು’ ಎಂಬ ವಿಶೇಷಣಗಳು ಎಲ್ಲರ ಬಯೋಡಾಟಾದಲ್ಲೂ ಇವೆ. ಅವುಗಳಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ‘ಹನ್ನೊಂದು ವರ್ಷ ಭಾರೀ ವಾಹನ ಚಾಲನೆ, ಒಂದೂ ಅಪಘಾತವಿಲ್ಲ’ ಎಂಬ ಒಂದು ಸಾಲು, ಅದು ನಿಜವಾಗಿದ್ದರೆ, ಹತ್ತು ವಿಶೇಷಣಗಳಿಗಿಂತ ಹೆಚ್ಚು ಹೇಳುತ್ತದೆ.

ಅದೇ ವೇಳೆ ಇನ್ನೊಂದು ತುದಿಗೆ ಹೋಗುವವರೂ ಇದ್ದಾರೆ. ಸೇನೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವರು ‘ನರ್ಸ್’ ಎಂದು ಬರೆಯಬಾರದು. ನರ್ಸ್ ಆಗಲು ನರ್ಸಿಂಗ್ ಪರಿಷತ್ತಿನ ನೋಂದಣಿ ಬೇಕು. ಔಷಧ ವಿತರಿಸಿದ ಮಾತ್ರಕ್ಕೆ ಫಾರ್ಮಾಸಿಸ್ಟ್ ಆಗುವುದಿಲ್ಲ, ಅದಕ್ಕೂ ನೋಂದಣಿ ಇದೆ. ಇದ್ದ ಕೆಲಸವನ್ನು ಇದ್ದಂತೆ ಬರೆಯಿರಿ: ಗಾಯಾಳುಗಳ ಆರೈಕೆ, ವಾರ್ಡಿನ ಕೆಲಸ, ಔಷಧ ದಾಸ್ತಾನು, ಆಂಬುಲೆನ್ಸ್ ಕರ್ತವ್ಯ. ಆಸ್ಪತ್ರೆಗೆ ಇವೆಲ್ಲವೂ ಬೇಕಾದ ಕೆಲಸಗಳೇ.

ವಿದ್ಯಾರ್ಹತೆಯಲ್ಲೂ ಇದೇ ಎಚ್ಚರ ಬೇಕು. ಹತ್ತನೆಯ ತರಗತಿ ಪಾಸಾಗಿ ಸೇನೆಯಲ್ಲಿ 15 ವರ್ಷ ಸೇವೆ ಸಲ್ಲಿಸಿದವರನ್ನು ಕೇಂದ್ರ ಸರ್ಕಾರದ ‘ಸಿ’ ವರ್ಗದ ಹುದ್ದೆಗಳಿಗೆ ಪದವಿಗೆ ಸಮಾನ ಅರ್ಹತೆಯುಳ್ಳವರೆಂದು ಪರಿಗಣಿಸುವ ನಿಯಮವಿದೆ. ಆದರೆ ಖಾಸಗಿ ಸಂಸ್ಥೆಯ ಬಯೋಡಾಟಾದಲ್ಲಿ ‘ಪದವೀಧರ’ ಎಂದಷ್ಟೇ ಬರೆದರೆ, ನಾಳೆ ವಿಶ್ವವಿದ್ಯಾಲಯದ ಪ್ರಮಾಣಪತ್ರ ಕೇಳಿದಾಗ ಮುಖಭಂಗವಾಗುತ್ತದೆ. ಇರುವ ಪ್ರಮಾಣಪತ್ರದಲ್ಲಿ ಏನು ಬರೆದಿದೆಯೋ ಅದನ್ನೇ ಬರೆಯಿರಿ.

ಹೇಳಬಾರದ್ದು

ಎಲ್ಲಿ ನಿಯೋಜನೆಗೊಂಡಿದ್ದಿರಿ, ಯಾವ ಕಾರ್ಯಾಚರಣೆಯಲ್ಲಿದ್ದಿರಿ, ಯಾವ ಆಯುಧಗಳನ್ನು ಬಳಸಿದಿರಿ ಎಂಬ ಪಟ್ಟಿಯನ್ನು ಕೆಲವರು ಅಭಿಮಾನದಿಂದ ಬರೆಯುತ್ತಾರೆ. ಅಧಿಕೃತ ರಹಸ್ಯಗಳ ಕಾಯ್ದೆ 1923ರಿಂದ ಜಾರಿಯಲ್ಲಿದೆ. ಸೇವೆ ಮುಗಿದ ಕೂಡಲೇ ಅದರ ಹೊಣೆ ಮುಗಿಯುವುದಿಲ್ಲ. ಕಾನೂನಿನ ಮಾತು ಹಾಗಿರಲಿ, ಕಾಗದ ಕಾರ್ಖಾನೆಗೆ ಆ ವಿವರದಿಂದ ಯಾವ ಪ್ರಯೋಜನವೂ ಇಲ್ಲ. ಪದಕಗಳನ್ನು ಒಂದೆರಡು ಸಾಲಿನಲ್ಲಿ ಹೇಳಿ ಮುಗಿಸಬಹುದು. ಒಟ್ಟು ಬಯೋಡಾಟಾ ಎರಡು ಪುಟ ಮೀರದಿರಲಿ. ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶ, ಆಧಾರ್‌ಗಳ ಪ್ರತಿಗಳನ್ನು ಕೇಳದೆ ಯಾರಿಗೂ ಕೊಡಬೇಡಿ. ಅವು ಎಲ್ಲೆಲ್ಲಿಗೆ ಹೋಗುತ್ತವೆ ಎಂಬುದು ನಿಮ್ಮ ಕೈಯಲ್ಲಿರುವುದಿಲ್ಲ.

ಹೆಸರು ಮತ್ತು ವಿಳಾಸ

ಇದು ಸಣ್ಣದಾಗಿ ಕಾಣುವ, ಆದರೆ ಕೆಲಸವನ್ನೇ ತಪ್ಪಿಸಬಲ್ಲ ವಿಷಯ. ನಮ್ಮ ಸಮುದಾಯದಲ್ಲಿ ಒಂದೇ ಹೆಸರಿಗೆ ಎಷ್ಟು ರೂಪಗಳು! ಶಾಲೆಯ ದಾಖಲೆಯಲ್ಲಿ ‘ಮಹಮ್ಮದಗೌಸ’, ಸೇನೆಯ ದಾಖಲೆಯಲ್ಲಿ ‘ಎಂ.ಡಿ. ಗೌಸ್’, ಆಧಾರ್‌ನಲ್ಲಿ ‘ಮೊಹಮ್ಮದ್ ಗೌಸ್’. ಕೆಲವೆಡೆ ‘ಸಾಬ’ ಸೇರಿರುತ್ತದೆ, ಕೆಲವೆಡೆ ಬಿಟ್ಟುಹೋಗಿರುತ್ತದೆ. ಮುಂಡಗೋಡದ ಟಿಬೆಟಿಯನ್ ಸಹೋದರರಲ್ಲಿ ಅನೇಕರಿಗೆ ಮನೆತನದ ಹೆಸರೇ ಇರುವುದಿಲ್ಲ, ಅರ್ಜಿಯ ನಮೂನೆ ಮಾತ್ರ ಅದನ್ನು ಕೇಳುತ್ತದೆ. ಬಯೋಡಾಟಾದಲ್ಲಿ ಡಿಸ್ಚಾರ್ಜ್ ಬುಕ್ಕಿನಲ್ಲಿರುವ ರೂಪವನ್ನೇ ಬಳಸಿ. ಉಳಿದ ದಾಖಲೆಗಳನ್ನು ಅದಕ್ಕೆ ಸರಿಹೊಂದಿಸುವ ಕೆಲಸವನ್ನು ಸಂದರ್ಶನದ ಕರೆ ಬರುವ ಮೊದಲೇ ಮುಗಿಸಿ. ಹುಟ್ಟಿದ ದಿನಾಂಕಕ್ಕೂ ಇದೇ ಮಾತು ಅನ್ವಯಿಸುತ್ತದೆ. ನಿಮ್ಮ ಹೆಸರು ಕಂಡು ಯಾರಾದರೂ ಮುಖ ಸಿಂಡರಿಸಿಯಾರು ಎಂಬ ಭಯದಿಂದ ಅದನ್ನು ತುಂಡರಿಸಿ ಬರೆಯಬೇಡಿ. ದಾಖಲೆಗೆ ಹೊಂದದ ಹೆಸರು ಆ ಭಯಕ್ಕಿಂತ ದೊಡ್ಡ ಅಪಾಯ.

ಸಂಪರ್ಕದ ವಿಷಯದಲ್ಲಿ ಜೋಯಿಡಾದವರು ವಿಶೇಷ ಎಚ್ಚರ ವಹಿಸಬೇಕು. ಕಾಡಿನ ಎಷ್ಟೋ ಊರುಗಳಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಕಂಪೆನಿಯವರು ಎರಡು ಬಾರಿ ಕರೆ ಮಾಡಿ ಮುಂದಿನ ಹೆಸರಿಗೆ ಹೋಗುತ್ತಾರೆ. ಆದುದರಿಂದ ಪೇಟೆಯಲ್ಲಿರುವ ಸಂಬಂಧಿಕರ ಎರಡನೆಯ ಸಂಖ್ಯೆಯನ್ನು ಅವರ ಒಪ್ಪಿಗೆ ಪಡೆದು ಬರೆಯಿರಿ. ಇಮೇಲ್ ವಿಳಾಸ ಅಂಗಡಿಯವರದ್ದಾಗಿರದೆ ನಿಮ್ಮದೇ ಆಗಿರಲಿ. ಅದನ್ನು ದಿನಕ್ಕೊಮ್ಮೆ ತೆರೆದು ನೋಡುವ ಕೆಲಸವನ್ನು ಮನೆಯ ಮಗಳಿಗೋ ಮಗನಿಗೋ ಒಪ್ಪಿಸಿ.

ಮುಂಡಗೋಡದವರಿಗೂ ಅಗ್ನಿವೀರರಿಗೂ

ಮುಂಡಗೋಡದಲ್ಲಿ 1966ರಿಂದ ಟಿಬೆಟಿಯನ್ನರ ವಸತಿ ಇದೆ. ಟಿಬೆಟಿಯನ್ ಯೋಧರು ಸೇವೆ ಸಲ್ಲಿಸುವ ವಿಶೇಷ ಗಡಿ ಪಡೆ 1962ರಲ್ಲಿ ಸ್ಥಾಪನೆಯಾಯಿತು, 1971ರ ಯುದ್ಧದಲ್ಲೂ ಭಾಗವಹಿಸಿತು. ಆದರೆ ಆ ಪಡೆ ಕೇಂದ್ರದ ಸಂಪುಟ ಕಾರ್ಯಾಲಯದ ಅಧೀನದಲ್ಲಿದೆ. ಆದುದರಿಂದ ಅಲ್ಲಿಂದ ನಿವೃತ್ತರಾದವರು ‘ಭಾರತೀಯ ಸೇನೆ’ ಎಂದು ಬರೆಯದೆ, ತಮ್ಮ ಸೇವಾ ಪತ್ರದಲ್ಲಿರುವ ಹೆಸರನ್ನೇ ಬರೆಯುವುದು ಸೂಕ್ತ. ದಾಖಲೆಯೂ ಮಾತೂ ಒಂದಾದಾಗ ಮಾತ್ರ ನಂಬಿಕೆ ಹುಟ್ಟುತ್ತದೆ.

ಅಗ್ನಿವೀರ ಸಹೋದರರು ‘ಮಾಜಿ ಸೈನಿಕ’ ಎಂದು ಬರೆಯಬಾರದು. ಯೋಜನೆಯ ಪ್ರಕಾರ ಅವರಿಗೆ ಆ ಸ್ಥಾನಮಾನ ಇಲ್ಲ. ಆ ಹೆಸರಿನ ಮೀಸಲಾತಿಯಲ್ಲಿ ಅರ್ಜಿ ಹಾಕಿದರೆ ಅರ್ಜಿಯೇ ತಿರಸ್ಕೃತವಾದೀತು. ‘ಅಗ್ನಿವೀರನಾಗಿ ನಾಲ್ಕು ವರ್ಷಗಳ ಅವಧಿ ಪೂರೈಸಿದ್ದೇನೆ’ ಎಂದು ಬರೆದು, ಸೇನೆ ನೀಡುವ ಕೌಶಲ್ಯ ಪ್ರಮಾಣಪತ್ರದ ವಿವರವನ್ನು ಕೆಳಗೆ ಕೊಡಿ. ಯಾಕೆ ಮುಂದುವರಿಸಲಿಲ್ಲ ಎಂಬ ವಿವರಣೆ ಕಾಗದದಲ್ಲಿ ಬೇಡ. ಒಪ್ಪಂದದ ಅವಧಿಯನ್ನು ಪೂರ್ತಿಗೊಳಿಸಿದವನು ಸೋತವನಲ್ಲ. ಈ ಮಾತನ್ನು ಕಂಪೆನಿಗಿಂತ ಮೊದಲು ಮನೆಯವರು ಅರ್ಥ ಮಾಡಿಕೊಳ್ಳಬೇಕು. ಊರಿಗೆ ಬಂದ ಹುಡುಗನನ್ನು ‘ಯಾಕೆ ನಿನ್ನನ್ನು ಉಳಿಸಿಕೊಳ್ಳಲಿಲ್ಲ?’ ಎಂದು ಬೀದಿಯಲ್ಲಿ ನಿಲ್ಲಿಸಿ ಕೇಳುವ ನಾವು, ಅವನ ಬಯೋಡಾಟಾಕ್ಕಿಂತ ಹೆಚ್ಚಾಗಿ ಅವನ ಆತ್ಮವಿಶ್ವಾಸವನ್ನು ಹಾಳು ಮಾಡುತ್ತೇವೆ.

ಹಕ್ಕುಗಳನ್ನೂ ತಿಳಿದಿರಿ

ಮಾಜಿ ಸೈನಿಕರಿಗೆ ಕೇಂದ್ರ ಸರ್ಕಾರದ ‘ಸಿ’ ವರ್ಗದ ನೇರ ನೇಮಕಾತಿಯಲ್ಲಿ ಶೇ. 10, ಸಾರ್ವಜನಿಕ ವಲಯದ ಬ್ಯಾಂಕುಗಳ ಗುಮಾಸ್ತ ಹುದ್ದೆಗಳಲ್ಲಿ ಶೇ. 14.5 ಮತ್ತು ಅದಕ್ಕಿಂತ ಕೆಳಗಿನ ಹುದ್ದೆಗಳಲ್ಲಿ ಶೇ. 24.5 ಮೀಸಲಾತಿ ಇದೆ. ಕೇಂದ್ರದ ಹುದ್ದೆಗಳಿಗೆ ವಯಸ್ಸನ್ನು ಲೆಕ್ಕ ಹಾಕುವಾಗ ಸೇವೆಯ ವರ್ಷಗಳನ್ನು ಕಳೆಯಲಾಗುತ್ತದೆ. ಉಳಿದ ವಯಸ್ಸು ಗರಿಷ್ಠ ಮಿತಿಯನ್ನು ಮೂರು ವರ್ಷಗಳಿಗಿಂತ ಹೆಚ್ಚು ಮೀರದಿದ್ದರೆ ಸಾಕು. ನಲವತ್ತಾಯಿತು, ಇನ್ನೇನು ಎಂದು ಕೈಚೆಲ್ಲುವ ಮುನ್ನ ಈ ಲೆಕ್ಕವನ್ನು ಮಾಡಿ ನೋಡಿ. ಕಾರವಾರದಲ್ಲಿರುವ ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಹೆಸರು ನೋಂದಾಯಿಸಿ. ಹಳಿಯಾಳ, ಮುಂಡಗೋಡದವರಿಗೆ ಘಟ್ಟ ಇಳಿದು ಹೋಗುವುದು ಒಂದು ದಿನದ ಕೆಲಸ. ಆದರೆ ಹೋಗದೆ ಇದ್ದರೆ ಹೆಸರು ಅಲ್ಲಿಗೆ ತಾನಾಗಿ ತಲುಪುವುದಿಲ್ಲ. ಸ್ವಂತ ಉದ್ಯೋಗ ಬಯಸುವವರಿಗೆ ಹಳಿಯಾಳದಲ್ಲೇ ಕೆನರಾ ಬ್ಯಾಂಕ್ ದೇಶಪಾಂಡೆ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆ ಇದೆ.

ಕೊನೆಯದಾಗಿ ಸಹೋದರಿಯರಲ್ಲಿ ಒಂದು ಮಾತು. ಪತಿ ಗಡಿಯಲ್ಲಿದ್ದಷ್ಟು ಕಾಲ ಬ್ಯಾಂಕು, ಶಾಲೆ, ಆಸ್ಪತ್ರೆ, ಕಚೇರಿ ಎಲ್ಲವನ್ನೂ ನೋಡಿಕೊಂಡವರು ನೀವು. ಹೊರಗಿನ ಲೋಕದ ಭಾಷೆ ಅವರಿಗಿಂತ ನಿಮಗೆ ಚೆನ್ನಾಗಿ ಗೊತ್ತು. ಆದುದರಿಂದ ಬಯೋಡಾಟಾವನ್ನು ಕಂಪೆನಿಗೆ ಕಳುಹಿಸುವ ಮೊದಲು ನೀವು ಓದಿ. ಯಾವ ಸಾಲು ನಿಮಗೆ ಅರ್ಥವಾಗುವುದಿಲ್ಲವೋ ಅದರ ಕೆಳಗೆ ಗೆರೆ ಎಳೆದು, ‘ಇದರರ್ಥ ಏನು, ಅಲ್ಲಿ ನೀವು ನಿಜವಾಗಿ ಮಾಡುತ್ತಿದ್ದುದೇನು?’ ಎಂದು ಕೇಳಿ. ಅವರು ಬಾಯಿಯಿಂದ ಹೇಳುವ ಉತ್ತರವನ್ನೇ ಬರೆದುಕೊಳ್ಳಿ. ಬಯೋಡಾಟಾದಲ್ಲಿ ಇರಬೇಕಾದದ್ದು ಆ ಉತ್ತರ.